ಪುಟ್ಟಸ್ವಾಮಣ್ಣನ ಮೂಗು ಮತ್ತು ಅರಸೀಕೆರೆ ಯಾರ್ಡು

ರೈಲು ಬಂದು ನಿಂತಾಗ ಜನರೆಲ್ಲ ಬಾಗಿಲ ಕಡೆ ನೋಡುತ್ತಾರೆ. ನಾವು ಗಾಲಿಯ ಕಡೆ ನೋಡುವವರು. ನನ್ನ ದುಡಿಮೆಯ ಕಾಲವೆಲ್ಲ ಅರಸೀಕೆರೆ ಜಂಕ್ಷನ್ನಿನಲ್ಲಿ ಬೋಗಿ, ವ್ಯಾಗನ್ನುಗಳನ್ನು ತಪಾಸಣೆ ಮಾಡುವುದರಲ್ಲೇ ಕಳೆಯಿತು. ಖಲಾಸಿಯಾಗಿ ಸೇರಿದೆ, ಫಿಟ್ಟರ್ ಆಗಿ ನಿವೃತ್ತನಾದೆ. ನಡುವೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಬರೆಯಬೇಕಾಗಿ ಬಂದದ್ದು ಪುಟ್ಟಸ್ವಾಮಣ್ಣ ಹೋದ ಮೇಲೆ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನುಡಿನಮನದ ದಿನ ಹಾರನಹಳ್ಳಿಯ ಅವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಈಚೆಗೆ ನಮ್ಮ ವಿಭಾಗಕ್ಕೆ ಸೇರಿದ ಒಂದಿಬ್ಬರು ಪಕ್ಕದಲ್ಲಿ ಕೂತು, ‘ಸಾರ್, ಆಗೆಲ್ಲ ಕೆಲಸ ಹೇಗಿತ್ತು ಒಂದಿಷ್ಟು ಬರೆದುಕೊಡಿ’ ಎಂದರು. ನಾನು ಎಸ್ಸೆಸ್ಸೆಲ್ಸಿ ಓದಿದವನು. ಆದರೂ ಬರೆಯಲು ಕೂತರೆ ಆ ಮನುಷ್ಯ ಸ್ವಲ್ಪ ಹೊತ್ತು ಹತ್ತಿರ ಇದ್ದ ಹಾಗಾಗುತ್ತದೆ. ಅದಕ್ಕೇ ಒಪ್ಪಿಕೊಂಡೆ.

ನಾನು ಸೇರಿದಾಗ ಎಲ್ಲ ಮೀಟರ್ ಗೇಜು. ಗಾಲಿಯ ಅಚ್ಚು ತಿರುಗುವ ಜಾಗದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು. ನಾವು ಅದನ್ನು ಬಾಕ್ಸ್ ಎನ್ನುತ್ತಿದ್ದೆವು. ಅದರೊಳಗೆ ಎಣ್ಣೆಯಲ್ಲಿ ನೆನೆಸಿದ ನೂಲನ್ನು ತುರುಕಿರುತ್ತಿದ್ದರು. ನೂಲು ಒಣಗಿದರೆ ಬಾಕ್ಸ್ ಕಾಯುತ್ತದೆ. ಕಾದಿದ್ದನ್ನು ಯಾರೂ ನೋಡದೆ ಬಿಟ್ಟರೆ ಅಚ್ಚು ಮುರಿದು ಗಾಡಿ ಹಳಿ ಬಿಟ್ಟು ಹೋಗಬಹುದು. ಅದಕ್ಕೇ ಗಾಡಿ ಸ್ಟೇಷನ್ನಿನೊಳಗೆ ಬರುವಾಗ ಆ ಬದಿಗೊಬ್ಬರು ಈ ಬದಿಗೊಬ್ಬರು ಕುಕ್ಕರುಗಾಲಲ್ಲಿ ಕೂತು, ಕಣ್ಣು ಕಿವಿ ಮೂಗು ಮೂರನ್ನೂ ತೆರೆದಿಟ್ಟುಕೊಂಡಿರಬೇಕು. ಗಾಡಿ ನಿಂತ ಮೇಲೆ ಒಂದೊಂದೇ ಬಾಕ್ಸ್ ಮುಟ್ಟಿ ನೋಡಬೇಕು.

ಮೊದಲ ವಾರವೇ ನಾನು ಅಂಗೈಯಿಟ್ಟು ಮುಟ್ಟಿದೆ. ಬೊಬ್ಬೆ ಬಂತು. ಎದುರು ಬದಿಯಲ್ಲಿದ್ದವರು ಗಾಡಿಯ ಕೆಳಗಿನಿಂದಲೇ ಇಣುಕಿ, ‘ಏನ್ಲಾ, ಅಂಗೈನಾಗೆ ಮುಟ್ಟಿದ್ಯಾ? ನಾಳೆಯಿಂದ ಮುದ್ದೆ ಹೆಂಗ್ ಮುರೀತೀಯ? ಕೈ ಹಿಂಬದಿ ತೋರ್ಸು ಅದಕ್ಕೆ’ ಅಂದರು. ಅವರೇ ಪುಟ್ಟಸ್ವಾಮಣ್ಣ. ನನಗಿಂತ ಏಳೆಂಟು ವರ್ಷ ದೊಡ್ಡವರು. ಅಂದಿನಿಂದ ನಾವಿಬ್ಬರೂ ಒಂದೇ ಪಾಳಿ. ಅವರು ಆ ಬದಿ, ನಾನು ಈ ಬದಿ.

ಅವರ ಮೂಗು ಯಾರ್ಡಿನಲ್ಲೆಲ್ಲ ಹೆಸರಾಗಿತ್ತು. ಗಾಡಿ ಇನ್ನೂ ಓಡುತ್ತಿರುವಾಗಲೇ ಕೈಯೆತ್ತಿ, ‘ಹಿಂದ್ಲಿಂದ ಮೂರನೇದು’ ಎನ್ನುತ್ತಿದ್ದರು. ಹೋಗಿ ಮುಟ್ಟಿದರೆ ಅದೇ ಬಾಕ್ಸ್ ಬಿಸಿ. ಒಮ್ಮೆ ಗೂಡ್ಸ್ ಗಾಡಿಯ ಗಾರ್ಡ್ ಒಬ್ಬರು ಇಳಿದು ಬಂದು, ‘ನನ್ನ ಬ್ರೇಕ್ ವ್ಯಾನಿನ ಕೆಳಗೆ ಏನೋ ಸುಡ್ತಾ ಇದೆ, ನೋಡ್ರಪ್ಪಾ’ ಎಂದು ಗಾಬರಿಯಾದರು. ನಾನು ಕೆಳಗೆ ತೂರಿ ಎಲ್ಲ ಮುಟ್ಟಿದೆ. ತಣ್ಣಗಿತ್ತು. ಪುಟ್ಟಸ್ವಾಮಣ್ಣ ನಿಂತಲ್ಲೇ ಮೂಗು ಅರಳಿಸಿ, ‘ಗಾರ್ಡ್ ಸಾಹೇಬ್ರೆ, ಬಾಕ್ಸಲ್ಲ. ಒಲೆ ಮೇಲೆ ಉಪ್ಪಿಟ್ಟು ಇಟ್ಟು ಬಂದಿದ್ದೀರ’ ಅಂದರು. ಗಾರ್ಡ್ ಹಿಂದಕ್ಕೆ ಓಡಿದರು. ಸೀದ ಉಪ್ಪಿಟ್ಟನ್ನು ಹಳಿ ಪಕ್ಕ ಚೆಲ್ಲಿ, ತಪ್ಪಲೆ ಹಿಡಿದು ನಮ್ಮ ಕೊಠಡಿಗೆ ಬಂದರು. ನಮ್ಮ ಬುತ್ತಿಯಲ್ಲೇ ಪಾಲು ಹಾಕಿ ಊಟ ಮಾಡಿದೆವು.

ನಮ್ಮ ಮೇಲಿನ ಅಧಿಕಾರಿ ಶ್ರೀಪಾದರಾಯರು. ಟ್ರೇನ್ ಎಕ್ಸಾಮಿನರ್. ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟವರಲ್ಲ, ಆ ಅಂಗಿಯಲ್ಲೇ ಗಾಡಿಯ ಕೆಳಗೂ ನುಗ್ಗುತ್ತಿದ್ದರು. ಬೈಗುಳ ಬಾಯಲ್ಲೇ ಇರುತ್ತಿತ್ತು. ‘ಈ ಅಂಗಿ ಒಗೆಯೋ ನಮ್ಮ ಮನೆಯೋಳ ಶಾಪ ಎಲ್ಲ ನಿಮಗೇ ತಟ್ಟುತ್ತೆ ಕಣ್ರಯ್ಯಾ’ ಎನ್ನುತ್ತಿದ್ದರು. ಆದರೆ ಕೆಳಗಿನವರ ಮೇಲೆ ಬಂದ ತಪ್ಪನ್ನು ಮೇಲಕ್ಕೆ ದಾಟಿಸಿದವರಲ್ಲ. ಅಂಥವರ ಕೈಕೆಳಗೆ ಕೆಲಸ ಕಲಿತದ್ದು ನಮ್ಮ ಪುಣ್ಯ.

ತೊಂಬತ್ತರ ದಶಕದಲ್ಲಿ ಹಳಿಗಳೆಲ್ಲ ಬ್ರಾಡ್ ಗೇಜ್ ಆದವು. ಬೋಗಿಗಳು ದೊಡ್ಡವಾದವು. ಎಣ್ಣೆ ನೂಲಿನ ಬಾಕ್ಸ್ ಹೋಗಿ ರೋಲರ್ ಬೇರಿಂಗ್ ಬಂತು. ಅದರೊಳಗೆ ಗ್ರೀಸ್ ತುಂಬಿ ಮುಚ್ಚಿರುತ್ತಾರೆ. ಅದು ಕಾಯುವುದು ಅಪರೂಪ. ಕಾದರೂ ಹಳೆಯ ಬಾಕ್ಸಿನಂತೆ ಯಾರ್ಡಿಗೆಲ್ಲ ನಾತ ಹಬ್ಬಿಸುವುದಿಲ್ಲ. ಎಣ್ಣೆ ಡಬ್ಬ, ನೂಲಿನ ಮೂಟೆ ಎಲ್ಲ ಮೂಲೆಗೆ ಸೇರಿದವು. ನಮ್ಮ ಬಟ್ಟೆಗೆ ಅಂಟುತ್ತಿದ್ದ ಕಮಟು ಕೂಡ ಹೋಯಿತು. ಹೆಂಗಸರಿಗೆಲ್ಲ ಖುಷಿಯಾಯಿತು.

ಹೊಸ ಗಾಡಿಗಳು ಬಂದು ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಪುಟ್ಟಸ್ವಾಮಣ್ಣ, ‘ಈ ಬೇರಿಂಗ್ಗೆ ವಾಸ್ನೇನೇ ಇಲ್ಲ ಕಣ್ಲಾ ರಂಗ. ಗಾಡಿ ಬಂದಂಗೇ ಇಲ್ಲ, ಹೋದಂಗೇ ಇಲ್ಲ’ ಅಂದರು. ನಾನೂ ಹೌದು ಅಂದೆ. ಹೌದೇ ಆಗಿತ್ತಲ್ಲ. ಈಗ ಯೋಚಿಸಿದರೆ ನಾವೆಲ್ಲ ದಾರಿ ತಪ್ಪಿದ್ದು ಅಲ್ಲೇ. ಬೇರೆ ಕಸುಬಿನವರಾಗಿದ್ದರೆ, ವಾಸನೆ ಬರ್ತಿಲ್ಲ ಅಂದ ಮನುಷ್ಯನ ಮೂಗನ್ನು ಅನುಮಾನಿಸುತ್ತಿದ್ದರು. ನಾವು ಬೇರಿಂಗನ್ನು ಅನುಮಾನಿಸಿದೆವು.

ಆಮೇಲೆ ಅವರು ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡುತ್ತಾ ಬಂದರು. ಮೊದಲು ತಮಾಷೆ ನಿಂತಿತು. ಆಮೇಲೆ ಚಹಾ ಕುಡಿಯುವಾಗ ನಮ್ಮ ಜೊತೆ ಕೂರುವುದನ್ನು ಬಿಟ್ಟು ನೀರಿನ ಟ್ಯಾಂಕಿನ ಹತ್ತಿರ ಒಬ್ಬರೇ ನಿಲ್ಲುತ್ತಿದ್ದರು. ನಡಿಗೆ ನಿಧಾನವಾಯಿತು. ಮುಖ ಒಂದೇ ತರ. ನಮ್ಮ ಜೊತೆಗಿದ್ದ ವೆಲ್ಡರ್ ಬಷೀರ್ ಸಾಬರು ನಗಿಸಲೆಂದು, ‘ಏನಣ್ಣಾ, ಮೀಟರ್ ಗೇಜ್ ತವರಿಗೆ ಹೋಗೈತೆ ಅಂತ ಇಷ್ಟು ಬೇಜಾರಾ? ಕಾಗ್ದ ಬರ್ದು ಕರೆಸ್ಕಳ್ಳೋಣ ಬಿಡು’ ಅಂದರು. ಎಲ್ಲರೂ ನಕ್ಕೆವು. ಅವರ ತುಟಿಯೂ ಅಲುಗಲಿಲ್ಲ. ಹಳೆಯ ಕೆಲಸ ಹೋಯಿತು, ಹೆಸರು ತಂದ ಮೂಗಿಗೆ ಕೆಲಸವಿಲ್ಲದಾಯಿತು, ಮನುಷ್ಯ ನೊಂದಿದ್ದಾನೆ, ತಾನಾಗೇ ಸರಿಹೋಗುತ್ತಾನೆ ಎಂದು ನಾವು ತೀರ್ಮಾನಿಸಿದ್ದೆವು. ಅದು ತೀರಾ ಸುಳ್ಳೂ ಅಲ್ಲ ಅನ್ನಿಸುವಂತಿತ್ತು.

ಒಂದು ಮಧ್ಯಾಹ್ನ ಶಿವಮೊಗ್ಗದ ಕಡೆಯಿಂದ ಪ್ಯಾಸೆಂಜರ್ ಗಾಡಿ ಬಂತು. ಗಾಡಿ ನಿಧಾನವಾಗುತ್ತಿದ್ದಂತೆ ಕಬ್ಬಿಣ ಸುಟ್ಟ ನಾತ ನನ್ನ ಬದಿಗೇ ರಾಚಿತು. ಬ್ರೇಕಿನ ಬ್ಲಾಕು ಗಾಲಿಯನ್ನು ಬಿಡದೆ ಕಚ್ಚಿಕೊಂಡು ಬಂದಿತ್ತು. ಅದು ಪುಟ್ಟಸ್ವಾಮಣ್ಣನ ಬದಿಯ ಗಾಲಿ. ಕೆಳಗಿನಿಂದ ಬಗ್ಗಿ ನೋಡಿದೆ. ಅವರು ಅದರ ಪಕ್ಕದಲ್ಲೇ, ಬಗ್ಗಿದರೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು. ಎದ್ದರು. ‘ರೈಟ್’ ಎಂದು ಕೈ ತೋರಿಸಿ ಮುಂದಿನ ಬೋಗಿಗೆ ಹೋದರು.

ಪ್ಲಾಟ್‌ಫಾರ್ಮಿನ ಮೇಲಿದ್ದ ರಾಯರಿಗೂ ವಾಸನೆ ಹೊಡೆದಿತ್ತು. ಹಳಿ ದಾಟಿ ಬಂದವರೇ, ‘ಪುಟ್ಟಸ್ವಾಮಿ, ಎಲ್ಲಿದೆ ನಿನ್ನ ಗ್ಯಾನ? ಹೆಣ ಸುಟ್ಟಂಗೆ ಗಾಲಿ ಸುಡ್ತಾ ಇದೆ, ರೈಟ್ ಅಂತೀಯಲ್ಲಯ್ಯಾ’ ಎಂದು ಎಲ್ಲರೆದುರು ಕೂಗಾಡಿದರು. ಪುಟ್ಟಸ್ವಾಮಣ್ಣ ವಾಪಸ್ ಬಂದು ಆ ಗಾಲಿಯನ್ನು ನೋಡಿದರು. ನೀಲಿಗಟ್ಟಿದ್ದ ಕಬ್ಬಿಣವನ್ನು ಕಂಡ ಮೇಲೆಯೇ ಅವರಿಗೆ ಗೊತ್ತಾದದ್ದು. ಬ್ರೇಕ್ ಬಿಡಿಸಿ, ತಣ್ಣಗಾದ ಮೇಲೆ ಗಾಡಿ ಕಳಿಸಿದೆವು. ಯಾರಿಗೂ ಏನೂ ಆಗಲಿಲ್ಲ.

ಆಗಿದ್ದು ಪುಟ್ಟಸ್ವಾಮಣ್ಣನಿಗೆ. ಮಾರನೇ ದಿನ ಅವರು ರಾಯರ ಮುಂದೆ ನಿಂತು, ಸ್ವಯಂ ನಿವೃತ್ತಿ ತಗೊಳ್ಳುತ್ತೇನೆ, ಇನ್ನು ನನ್ನ ಕೈಲಾಗುವುದಿಲ್ಲ ಎಂದರಂತೆ. ರಾಯರು ‘ಹೋಗಯ್ಯ, ಆಮೇಲೆ ನೋಡೋಣ’ ಎಂದು ಕಳಿಸಿದ್ದರು. ಅದೇ ವಾರ ಅವರ ಹೆಂಡತಿ ಜಯಮ್ಮತ್ತಿಗೆ ಟೆಂಪೋ ಹತ್ತಿ ನಮ್ಮ ಕ್ವಾರ್ಟರ್ಸಿಗೆ ಬಂದರು.

‘ರಂಗಪ್ಪ, ನಿಮ್ಮಣ್ಣ ತಟ್ಟೆ ಮುಂದೆ ಕುಂತ್ರೆ ಹಂಗೇ ಕುಂತಿರ್ತಾರೆ. ಬೆಳಗಿನ ಜಾವಕ್ಕೇ ಎದ್ದು ಗೋಡೆ ನೋಡ್ತಾರೆ. ನಾನ್ ಇದ್ರೇನು ಬಿಟ್ರೇನು ಜಯಾ ಅಂತಾರೆ. ಕೆಲ್ಸ ಬಿಟ್ರೆ ಹಳಿ ಕಡೆ ಹೋಗೋದು ತಪ್ತದೆ ಅಂತ ಒಂದ್ಸಲ ಅನ್ಸ್ತದೆ, ಬಿಟ್ರೆ ಇನ್ನೇನು ಮಾಡ್ಕಂಬುಡ್ತಾರೋ ಅಂತ ಒಂದ್ಸಲ. ನಂಗೆ ಯಾವ್ದಕ್ಕೆ ಹೂಂ ಅನ್ಬೇಕೋ ಗೊತ್ತಾಗ್ತಿಲ್ಲ.’

ಅವರು ಅಳಲಿಲ್ಲ. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಬಿಕ್ಕೋಡಿನಲ್ಲಿ ಜಯಮ್ಮತ್ತಿಗೆಯ ತಂಗಿಯ ಹೊಸ ಮನೆಯ ಗೃಹಪ್ರವೇಶವಿತ್ತು. ಅಣ್ಣ ಬರುವುದಿಲ್ಲ ಎನ್ನುತ್ತಿದ್ದರಂತೆ. ‘ನೀನೂ ಬಂದ್ರೆ ಬಂದಾರು’ ಅಂದರು. ರಜೆ ಹಾಕಿ ಅವರಿಬ್ಬರ ಜೊತೆ ಹೊರಟೆ.

ಹಳೇಬೀಡಿನವರೆಗೆ ಒಂದು ಬಸ್ಸು, ಅಲ್ಲಿಂದ ಬೇಲೂರಿನ ಮೇಲೆ ಬಿಕ್ಕೋಡಿಗೆ ಇನ್ನೊಂದು. ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಕೊಂಡೆ. ಪುಟ್ಟಸ್ವಾಮಣ್ಣ ಒಂದನ್ನು ಬಿಡಿಸಲು ಬಹಳ ಹೊತ್ತು ಬೆರಳಾಡಿಸಿ ಕೊನೆಗೆ ಜೇಬಿಗೆ ಹಾಕಿಕೊಂಡರು. ಬೇಲೂರು ದಾಟಿದ ಮೇಲೆ ಕಾಫಿ ತೋಟಗಳು ಶುರುವಾದವು. ಹಿಂದಿನ ವಾರ ಮೊದಲ ಮಳೆ ಬಿದ್ದು ಹೂವಾಗಿತ್ತು. ರಸ್ತೆಯ ಎರಡೂ ಬದಿ ಗಿಡಗಳ ಮೇಲೆ ಮಂಡಕ್ಕಿ ಚೆಲ್ಲಿದಂತೆ ಬೆಳ್ಳಗೆ. ಕಾಫಿ ಹೂವಿನ ಕಾಲದಲ್ಲಿ ಆ ಕಡೆ ಹೋದವರಿಗೆ ಗೊತ್ತು, ಕಿಟಕಿ ಮುಚ್ಚಿದರೂ ಬಸ್ಸಿನೊಳಗೆ ಆ ಘಮ ತುಂಬಿಕೊಳ್ಳುತ್ತದೆ. ಕೆಲವರಿಗೆ ತಲೆ ಸುತ್ತುವುದೂ ಉಂಟು. ಮುಂದಿನ ಸೀಟಿನ ಹೆಂಗಸು ಪಕ್ಕದವಳಿಗೆ, ‘ಅಬ್ಬ, ಯಾರೋ ಮಲ್ಲಿಗೆ ಮೂಟೆ ಬಿಚ್ಚವ್ರೆ ಕಣೇ’ ಅಂದಳು.

ಪುಟ್ಟಸ್ವಾಮಣ್ಣ ನನ್ನ ಕಡೆ ತಿರುಗಿ, ‘ಎಲ್ಲಿ ಮಲ್ಲಿಗೆ?’ ಅಂದರು.

ನಾನು ತಮಾಷೆ ಅಂದುಕೊಂಡೆ. ಅವರು ತಮಾಷೆ ಬಿಟ್ಟು ವರ್ಷವಾಗಿತ್ತು. ಅವರ ಮುಖ ನೋಡಿದೆ.

‘ಅಣ್ಣ, ಕಾಫಿ ಹೂವಿನ ಘಮ. ಬರ್ತಿಲ್ವಾ ನಿಂಗೆ?’

‘ಇಲ್ಲ ಕಣ್ಲಾ.’

‘ಸ್ವಲ್ಪಾನೂ?’

‘ಏನೂ ಇಲ್ಲ. ಸೆಗಣಿ ವಾಸ್ನೇನೂ ಇಲ್ಲ, ಸಾಂಬ್ರಾಣಿ ವಾಸ್ನೇನೂ ಇಲ್ಲ. ಮೊದ್ಲು ಬೇರಿಂಗ್ಗೇ ವಾಸ್ನೆ ಇಲ್ಲ ಅಂದ್ಕಂಡೆ. ಆಮ್ಯಾಕೆ ಜಯನ ಸಾರೂ ಹಂಗೇ ಆಯ್ತು. ಹೇಳಿದ್ರೆ ಅಡುಗೆ ಚೆಂದಾಗಿಲ್ಲ ಅಂದಂಗಾಯ್ತದೆ ಅಂತ ಸುಮ್ಕಾದೆ.’

ಜಯಮ್ಮತ್ತಿಗೆ ಹಿಂದಿನ ಸೀಟಿನಲ್ಲಿದ್ದರು. ‘ಅಯ್ಯೋ ನಿಮ್ ಮನೆ ಕಾಯೋಗ’ ಅಂದರು ಮೆಲ್ಲಗೆ. ‘ನಾನು ದಿನಾ ಉಪ್ಪು ಖಾರ ಬದಲಾಯಿಸ್ಕಂಡು ಒದ್ದಾಡ್ತಿದ್ನಲ್ಲ. ಒಂದ್ ಮಾತು ಹೇಳಾಕಾಗ್ಲಿಲ್ವಾ?’

ಆ ಬಸ್ಸಿನಲ್ಲಿ ಕೂತು ನನಗೆ ಗೊತ್ತಾದದ್ದು ಇಷ್ಟೇ. ಈ ತೋಟಕ್ಕೂ ನಮ್ಮ ಬ್ರಾಡ್ ಗೇಜಿಗೂ ಸಂಬಂಧವಿಲ್ಲ. ಹಾಗಿದ್ದರೆ ಇವರಿಗೆ ಆಗಿರುವುದು ಕೆಲಸದ ದುಃಖವಲ್ಲ, ಬೇರೆ ಏನೋ. ಗೃಹಪ್ರವೇಶದ ಊಟಕ್ಕೆ ಅವರ ಪಕ್ಕದಲ್ಲೇ ಕೂತೆ. ಒಂದು ಕಡೆ ಭಯ, ಒಂದು ಕಡೆ ಹೇಳಿಕೊಳ್ಳಲಾಗದಂಥ ಸಮಾಧಾನ. ಕಾಯಿಲೆಯಾದರೆ ಡಾಕ್ಟರಿಗೆ ತೋರಿಸಬಹುದಲ್ಲ.

ಅರಸೀಕೆರೆಯಲ್ಲಿ ನಮ್ಮ ಆರೋಗ್ಯ ಘಟಕಕ್ಕೆ ಆಗ ಒಬ್ಬ ಲೇಡಿ ಡಾಕ್ಟರ್ ಬರುತ್ತಿದ್ದರು. ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿದರು. ಏನೂ ಅಡ್ಡವಿರಲಿಲ್ಲ. ‘ಒಂದು ಸಲ ಬಾಗಿಲ ತನಕ ನಡೆದು ಬನ್ನಿ’ ಎಂದರು. ಪುಟ್ಟಸ್ವಾಮಣ್ಣ ನಡೆದರು. ಆಗ ನಾನೂ ನೋಡಿದೆ. ದಿನವೂ ಜೊತೆಗಿದ್ದು ನೋಡದೇ ಹೋಗಿದ್ದೆ. ಬಲಗೈ ಎಲ್ಲರಂತೆ ಹಿಂದೆ ಮುಂದೆ ಆಡುತ್ತಿತ್ತು. ಎಡಗೈ ಮೈಗೆ ಅಂಟಿಸಿದ ಹಾಗಿತ್ತು. ಹೆಬ್ಬೆರಳಿಗೆ ತೋರುಬೆರಳು ತಟ್ಟಿ ಅಂದರು. ಎಡಗೈಯ ಬೆರಳು ನಾಲ್ಕು ಸಲ ತಟ್ಟುವುದರೊಳಗೆ ಸೋತು ನಿಂತಿತು. ಆಮೇಲೆ ಅವರು ಬೆಂಗಳೂರಿನ ನರದ ಡಾಕ್ಟರಿಗೆ ಕಳಿಸಿದರು.

ಅಲ್ಲಿಗೂ ನಾನು ಹೋಗಿದ್ದೆ. ನರದ ಡಾಕ್ಟರು ವಯಸ್ಸಾದವರು. ಅವಸರ ಮಾಡದೆ ಎಲ್ಲ ಪರೀಕ್ಷಿಸಿ, ಪಾರ್ಕಿನ್ಸನ್ ಕಾಯಿಲೆ ಎಂದರು. ನಾವು ಆ ಹೆಸರು ಕೇಳಿರಲಿಲ್ಲ. ‘ಕೈ ನಡುಗುತ್ತಲ್ಲ, ಅದಾ ಸಾರ್?’ ಅಂದೆ. ‘ನಡುಕ ಕೆಲವರಿಗೆ ತಡವಾಗಿ ಬರುತ್ತೆ, ಕೆಲವರಿಗೆ ಬರೋದೇ ಇಲ್ಲ. ಎಷ್ಟೋ ಜನಕ್ಕೆ ಅದಕ್ಕೂ ವರ್ಷಗಳ ಮುಂಚೆ ವಾಸನೆ ಹೋಗಿರುತ್ತೆ. ಯಾರೂ ಅದನ್ನು ಲೆಕ್ಕಕ್ಕೆ ತಗೊಳಲ್ಲ’ ಎಂದರು. ಆಮೇಲೆ ಪುಟ್ಟಸ್ವಾಮಣ್ಣನ ಕಡೆ ತಿರುಗಿ, ‘ಮನಸ್ಸು ಹೇಗಿದೆ?’ ಎಂದು ಕೇಳಿದರು. ಅಷ್ಟು ದಿನದಲ್ಲಿ ನಾವ್ಯಾರೂ ಅದನ್ನು ಹಾಗೆ ನೇರವಾಗಿ ಕೇಳಿರಲಿಲ್ಲ.

ಪುಟ್ಟಸ್ವಾಮಣ್ಣ, ‘ಬದುಕೋ ಅಷ್ಟು ಕೆಲ್ಸಕ್ಕೆ ನಾನು ಬರಲ್ಲ ಅನ್ಸ್ತದೆ ಸಾರ್’ ಅಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ‘ನೋಡಿ ಪುಟ್ಟಸ್ವಾಮಿ, ಆ ಮಂಕು ಕೂಡ ಈ ಕಾಯಿಲೆಯದೇ. ಕೈ ನಿಧಾನ ಮಾಡಿದ್ದು ಯಾವುದೋ, ಮನಸ್ಸನ್ನು ಮಂಕು ಮಾಡಿದ್ದೂ ಅದೇ. ನಿಮ್ಮ ಗುಣ ಅಲ್ಲ. ಕೈಗೆ ಮಾತ್ರೆ ಇದೆ, ಮನಸ್ಸಿಗೂ ಮಾತ್ರೆ ಇದೆ. ಕೆಲವು ವಾರ ಹಿಡಿಯುತ್ತೆ. ಅಲ್ಲಿಯವರೆಗೆ ನಿಮ್ಮನ್ನ ಒಂಟಿಯಾಗಿ ಬಿಡಬಾರದು ಅಂತ ಇವರಿಗೆ ಹೇಳ್ತೀನಿ.’

‘ಮೂಗು ವಾಪಸ್ ಬರ್ತದಾ ಸಾರ್?’

‘ಸುಳ್ಳು ಹೇಳಲ್ಲ. ಬರಲ್ಲ.’

ವಾಪಸ್ ಬರುವ ಗಾಡಿಯಲ್ಲಿ ಪುಟ್ಟಸ್ವಾಮಣ್ಣ ತುಮಕೂರು ದಾಟುವವರೆಗೆ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಕೈಯಲ್ಲೇ ಹಿಡಿದಿದ್ದರು. ಆಮೇಲೆ, ‘ಹಂಗಾದ್ರೆ ನಾನು ಕಳ್ಳಬಿದ್ದಿರ್ಲಿಲ್ಲ ಕಣ್ಲಾ’ ಅಂದರು. ಕೆಲಸಕ್ಕೆ ಮೈಗಳ್ಳತನ ಮಾಡುವುದನ್ನು ನಾವು ಹಾಗೆನ್ನುತ್ತೇವೆ. ತಮ್ಮನ್ನು ತಾವು ಹಾಗಂದುಕೊಂಡು ಆ ಮನುಷ್ಯ ಎಷ್ಟು ದಿನ ಸವೆದಿದ್ದರೋ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ರಾಯರಿಗೆ ವಿಷಯ ಹೇಳಿದೆವು. ಅವರು ಪೂರ್ತಿ ಕೇಳಿಸಿಕೊಂಡು ಕನ್ನಡಕ ಒರೆಸಿಕೊಂಡರು. ಪುಟ್ಟಸ್ವಾಮಣ್ಣ, ‘ಸ್ವಯಂ ನಿವೃತ್ತಿ ಕೇಳಿದ್ದೆ ಸಾರ್’ ಎಂದು ನೆನಪಿಸಿದರು.

‘ಯಾವಾಗ? ನನಗೇನೂ ಕೇಳಿಸಿಲ್ಲ. ವಯಸ್ಸಾಯ್ತು, ಕಿವಿ ಮಂದ’ ಅಂದರು ರಾಯರು. ಆಮೇಲೆ, ‘ಗಾಡಿ ಬದಿ ಕೂರೋದು ಬೇಡ. ಅದು ನಿನಗೂ ಸರಿಯಲ್ಲ, ಗಾಡಿಗೂ ಸರಿಯಲ್ಲ. ಸಾಮಾನಿನ ಕೋಣೆ ನೋಡ್ಕೋ. ಹೊಸಬರು ಬಂದ್ರೆ ಸುತ್ತಿಗೆ ಬಡಿದು ಗಾಲಿ ಸದ್ದು ಗುರುತಿಸೋದನ್ನ ಕಲಿಸು. ಕಿವಿ ಇದೆಯಲ್ಲ ನಿನಗೆ?’ ಎಂದರು.

ಡಾಕ್ಟರಿಂದ ಪತ್ರ ತರಿಸಿ, ಮೇಲಿನವರ ಹತ್ತಿರ ಮಾತಾಡಿ ಆ ಹಗುರ ಕೆಲಸಕ್ಕೆ ಒಪ್ಪಿಗೆ ತಂದವರೂ ರಾಯರೇ. ಅಂದು ಗಾಲಿಯ ಪಕ್ಕ ಕೂಗಾಡಿದ್ದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನಿವೃತ್ತರಾಗುವವರೆಗೂ ತಮ್ಮ ಮನೆಯಿಂದ ವಾರಕ್ಕೊಮ್ಮೆ ಏನಾದರೊಂದು ತಿಂಡಿ ತಂದು ಸಾಮಾನಿನ ಕೋಣೆಯಲ್ಲಿ ಇಟ್ಟು ಹೋಗುತ್ತಿದ್ದರು.

ಮಾತ್ರೆ ಶುರುವಾದ ಮೊದಲ ವಾರಗಳು ಕಷ್ಟವಾದವು. ವಾಕರಿಕೆ, ತಲೆಸುತ್ತು. ಜಯಮ್ಮತ್ತಿಗೆ ಮನೆಯಲ್ಲಿ, ನಾನು, ಬಷೀರ್ ಸಾಬರು ಯಾರ್ಡಿನಲ್ಲಿ ಅವರನ್ನು ಕಣ್ಣಿಟ್ಟು ನೋಡಿಕೊಂಡೆವು. ಒಂದು ದಿನ ಬಷೀರ್ ಸಾಬರು ಚಹಾ ತಂದಿಟ್ಟು, ‘ಅಣ್ಣಾ, ಏಲಕ್ಕಿ ಹಾಕಿಸಿದ್ದೀನಿ’ ಎಂದು ಹೇಳಿ ತಕ್ಷಣ ನಾಲಿಗೆ ಕಚ್ಚಿಕೊಂಡರು. ಪುಟ್ಟಸ್ವಾಮಣ್ಣ ಲೋಟ ಎತ್ತಿ, ‘ಏಲಕ್ಕಿ ಕಾಸು ಉಳಿಸ್ಕಳಪ್ಪ, ನಂಗೆ ಬಿಸಿನೀರು ಕೊಟ್ರೂ ನಡೀತದೆ’ ಅಂದರು. ಬಷೀರ್ ಸಾಬರು ಹೊರಗೆ ಬಂದು ನನ್ನ ಭುಜ ಹಿಡಿದು, ‘ತಮಾಷೆ ಮಾಡ್ದ ಕಣೋ’ ಅಂದರು. ಕಣ್ಣು ಒದ್ದೆಯಾಗಿತ್ತು.

ಪುಟ್ಟಸ್ವಾಮಣ್ಣ ನಿವೃತ್ತಿಯ ವಯಸ್ಸಿನವರೆಗೂ ಕೆಲಸ ಮಾಡಿದರು. ಗಾಲಿಗೆ ಸುತ್ತಿಗೆ ಬಡಿದರೆ ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ. ಅದನ್ನು ಅವರಿಂದ ಕಲಿತವರು ಈಗಲೂ ಯಾರ್ಡಿನಲ್ಲಿದ್ದಾರೆ. ಬೇರಿಂಗಿನ ಬಿಸಿ ಅಳೆಯುವ ಪಿಸ್ತೂಲಿನಂಥ ಯಂತ್ರ ಬಂದಾಗ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ನಂಗೂ ಮೂಗಿಲ್ಲ, ಇದ್ಕೂ ಮೂಗಿಲ್ಲ. ಇದ್ಕೆ ಮಾತ್ರ ಯಾರೂ ಬಯ್ಯಲ್ಲ’ ಅಂದರು.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಹೇಳುವುದು ಇಷ್ಟೇ. ಜೊತೆಗಾರ ಮಂಕಾದರೆ ಅದಕ್ಕೊಂದು ಕಾರಣ ನಿಮ್ಮ ಕೆಲಸದಲ್ಲೇ ಸುಲಭವಾಗಿ ಸಿಕ್ಕಿಬಿಡುತ್ತದೆ. ವರ್ಗವಾಯಿತು, ಬೈಸಿಕೊಂಡ, ಹೊಸ ಯಂತ್ರ ಬಂತು ಅಂತ. ಆ ಕಾರಣ ಸಿಕ್ಕಿತೆಂದು ಸುಮ್ಮನಾಗಬೇಡಿ. ಊಟ ಸೇರುತ್ತದಾ, ನಿದ್ದೆ ಬರುತ್ತದಾ, ವಾಸನೆ ಗೊತ್ತಾಗುತ್ತದಾ ಎಂದು ಕೇಳಿ. ಮನಸ್ಸು ಹೇಗಿದೆ ಎಂದೂ ಕೇಳಿ. ನಾಚಿಕೆ ಬೇಡ.

ಕಾಯಿಲೆ ವಾಸಿಯಾಗುವಂಥದ್ದಲ್ಲ. ನಿವೃತ್ತಿಯ ನಂತರ ನಡುಕವೂ ಬಂತು, ಮಾತು ಕುಗ್ಗಿತು. ಆದರೆ ಆ ವರ್ಷಗಳನ್ನು ಅವರು ಬದುಕಿದರು. ಮಗಳ ಮದುವೆ ಮಾಡಿದರು, ಮೊಮ್ಮಗಳನ್ನು ಕಾಲ ಮೇಲೆ ಕೂರಿಸಿಕೊಂಡು ಆಡಿಸಿದರು. ಹಾಲು ಒಡೆದಿದೆಯಾ, ಗ್ಯಾಸ್ ಸೋರುತ್ತಿದೆಯಾ ಎಂದು ಇಬ್ಬರ ಪಾಲಿನ ವಾಸನೆಯನ್ನೂ ಜಯಮ್ಮತ್ತಿಗೆಯೇ ನೋಡಿಕೊಂಡರು. ಆ ಡಾಕ್ಟರುಗಳಿಗೆ, ರಾಯರಿಗೆ, ಅತ್ತಿಗೆಗೆ ನಾನು ಯಾವತ್ತೂ ಬಾಯಿಬಿಟ್ಟು ಕೃತಜ್ಞತೆ ಹೇಳಿದವನಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಕೊನೆಯ ವರ್ಷ ನಡುನಡುವೆ ಆ ಹಳೆಯ ಮಂಕು ಮತ್ತೆ ಬರುತ್ತಿತ್ತು. ಒಂದು ಬೆಳಿಗ್ಗೆ ಹಾರನಹಳ್ಳಿಗೆ ಹೋದಾಗ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಕರೆದರೆ ತಿರುಗಲಿಲ್ಲ. ‘ಯಾಕ್ ಬತ್ತೀಯ ದಿನಾ? ಹೋಗು’ ಅಂದರು. ನಾನು ಚಪ್ಪಲಿ ಹಾಕಿಕೊಳ್ಳಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ, ಗೋಡೆ ಕಡೆ ನೋಡುತ್ತಲೇ, ತಡವರಿಸುತ್ತಾ ಹೇಳಿದರು. ‘ಲೋ ರಂಗ, ಬೇಜಾರ್ ಮಾಡ್ಕಬ್ಯಾಡ. ಅದು ನಾನ್ ಅಂದಿದ್ದಲ್ಲ. ಕಾಯ್ಲೆ ಅಂದಿದ್ದು. ಸಾಯಂಕಾಲ ಬಾ, ನಾನ್ ಸಿಗ್ತೀನಿ.’

ಸಾಯಂಕಾಲ ಹೋದೆ. ದಿಂಬಿಗೆ ಒರಗಿ ಕೂತು, ಬಾಗಿಲ ಕಡೆ ನೋಡುತ್ತಿದ್ದರು. ‘ತಡ ಆಯ್ತಲ್ಲೋ’ ಅಂದರು.